ತೂತುಕಾಸಿನ ತೀರ್ಪು

ಆ ದಿನಗಳನ್ನು ನೆನೆದಾಗಲೆಲ್ಲ ಕೆಂಪು ದಾರಕ್ಕೆ ಕಟ್ಟಿದ ಒಂದು ತೂತುಕಾಸು ಕಣ್ಣ ಮುಂದೆ ತೂಗುತ್ತದೆ. ತಾಮ್ರದ್ದು, ಅಂಚು ಸವೆದು ನುಣುಪಾದದ್ದು. ಕಾಳಾಚಾರ್ರು ಅದರ ದಾರವನ್ನು ತೋರುಬೆರಳಿಗೆ ಸುತ್ತಿಕೊಂಡು, ಕಾಸು ಕಾರಿನ ಮೈಗೆ ಒಂದೇ ಒಂದು ಸಲ ತಾಗುವಂತೆ ತೂಗಿಬಿಡುತ್ತಿದ್ದರು. ತಗಡು ಗಟ್ಟಿಯಾಗಿದ್ದರೆ ಟಣ್ ಎಂಬ ಸದ್ದು ಎದ್ದು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ನೆಗ್ಗು ಮುಚ್ಚಲು ಬಣ್ಣದ ಅಡಿ ಪುಟ್ಟಿ ಮೆತ್ತಿದ್ದರೆ ಡಬ್ ಎಂದು ಅಲ್ಲೇ ಸಾಯುತ್ತಿತ್ತು. ಮಾರುವವನು ಎಷ್ಟೇ ಆಣೆ ಪ್ರಮಾಣ ಮಾಡಲಿ, ಆಚಾರ್ರು ಅವನ ಮುಖ ಕೂಡ ನೋಡುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಕಾಸು ಹೇಳಿದ್ದೇ ಕೊನೆಯ ಮಾತು.

ಆಚಾರ್ರ ಹಿರಿಯರು ತಾಮ್ರದ ಹಂಡೆ, ಕೊಪ್ಪರಿಗೆ ಬಡಿದವರು. ಹಂಡೆ ಕೊಳ್ಳುವವರು ಕಡಿಮೆಯಾದಾಗ ಅವರ ತಂದೆ ಕಾರು, ಬಸ್ಸುಗಳ ತಗಡಿಗೆ ಕೈಹಾಕಿದರಂತೆ. ಹಾಗೆ ನಮ್ಮೂರಿನ ಸಂತೆ ಮೈದಾನದ ಅಂಚಿನಲ್ಲಿ ಆ ಶೆಡ್ಡು ಎದ್ದಿತು. ಕಸುಬು ಬದಲಾದರೂ ಪಾತ್ರೆ ಕೆಲಸದವರ ಒಂದು ಪದ್ಧತಿಯನ್ನು ಅವರು ಬಿಟ್ಟಿರಲಿಲ್ಲ. ಒಂದು ಭಾಗವನ್ನು ಪೂರ್ತಿ ತಿದ್ದಿ ಮುಗಿಸಿದವರು ಅದರ ಒಳಮೈಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಮೊಳೆಯಿಂದ ತಮ್ಮ ಚುಕ್ಕಿ ಹೊಡೆಯಬೇಕು. ತಂದೆಯದು ಒಂದು ಚುಕ್ಕಿ, ಕಾಳಾಚಾರ್ರದು ಎರಡು. ಮೂರನೆಯದನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ. ಬಂದ ಕೆಲಸಗಾರರೆಲ್ಲ ವರ್ಷ ಎರಡು ವರ್ಷ ಬೈಗುಳ ತಿಂದು, ಬೇರೆ ಕಡೆ ಸುಖವಾಗಿ ಸೇರಿಕೊಂಡರು.

ಉಳಿದವಳು ನಾನೊಬ್ಬಳೇ. ನಾನು ಆ ಶೆಡ್ಡಿಗೆ ಹೋದದ್ದು ಮೂವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ಮದುವೆ ಮನೆಗಳಿಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿಯಲ್ಲಿ ಕೊಪ್ಪರಿಗೆ ತಿಕ್ಕುತ್ತಿದ್ದೆ. ಸೌದೆ ಒಲೆಯ ಮೇಲೆ ಕೂತು ಎದ್ದು ನೆಗ್ಗಿಹೋದ ಪಾತ್ರೆಗಳನ್ನು ಮರದ ಕೊಡತಿಯಿಂದ ಮೆಲ್ಲನೆ ತಟ್ಟಿ ನೇರ ಮಾಡುವುದೂ ನನ್ನ ಕೆಲಸವೇ. ಒಂದು ದಿನ ಅಲ್ಲಿಗೆ ಬಂದ ಆಚಾರ್ರು, ನಾನು ಕಣ್ಣು ಬೇರೆಲ್ಲೋ ಇಟ್ಟುಕೊಂಡು ಅಂಗೈಯಿಂದಲೇ ನೆಗ್ಗು ಹುಡುಕುವುದನ್ನು ನೋಡಿದರು. ಮರುವಾರ ಶೆಡ್ಡಿಗೆ ಕರೆದರು. ಬಣ್ಣ ಹೊಡೆಯುವ ಮುಂಚೆ ಕಾರಿನ ಮೈಯನ್ನು ನೀರು ಹಾಕಿ ಮರಳು ಕಾಗದದಿಂದ ಉಜ್ಜುವ ಕೆಲಸ ಕೊಟ್ಟರು. ಸುತ್ತಿಗೆ ಕೇಳಿದರೆ ಮಾತ್ರ, "ಅದು ಹೆಣ್ಮಕ್ಳ ಕೈಗೆ ಭಾರ ಕಣ್ ತಾಯಿ," ಅನ್ನುತ್ತಿದ್ದರು. ಐವತ್ತು ಜನ ಉಣ್ಣುವ ಕೊಪ್ಪರಿಗೆ ಎತ್ತಿದ ಕೈ ಇದು. ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಮುಂದೆ ಅವರ ಕಣ್ಣು ಮಂಜಾದ ಮೇಲೆ ಸುತ್ತಿಗೆ ತಾನಾಗಿ ನನ್ನ ಕೈಗೆ ಬಂತು. ಆದರೆ ಹೊಗಳಿಕೆ ಬರಲಿಲ್ಲ. ಕೆಲಸ ಮುಗಿಸಿ ನಿಂತರೆ ಆಚಾರ್ರು ಕಾಸು ತೂಗಿಬಿಟ್ಟು ಕೇಳಿ, "ಪರವಾಗಿಲ್ಲ," ಅನ್ನುವರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಒಂದೇ ಪದವನ್ನು ಕೇಳಿದೆ. ಚೆನ್ನಾಗಿದೆ ಎಂಬ ಮಾತು ಅವರ ಬಾಯಿಂದ ನನ್ನ ಕಡೆಗೆ ಒಂದು ಸಲವಾದರೂ ಬರಲಿ ಎಂಬ ಆಸೆ ನನಗಿತ್ತು. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಏನು ಮಾಡಲಿ?

ಹೀಗಿರುವಾಗ ಹಲ್ಲಿನ ಡಾಕ್ಟರ್ ವಾಮನರಾಯರಿಗೆ ಕಾರಿನ ಹುಚ್ಚು ಹಿಡಿಯಿತು. ಹಳೆಯ ಅಮೆರಿಕದ ಕಾರು. ಎರಡೇ ಬಾಗಿಲು, ಒಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದದ ಬಾನೆಟ್ಟು, ಅದರೊಳಗೆ ಎಂಟು ಸಿಲಿಂಡರಿನ ಎಂಜಿನ್ನು. ಇಂಥವನ್ನು ಅಲ್ಲಿಯವರು ಮಸಲ್ ಕಾರು ಅನ್ನುತ್ತಾರೆಂದು ಡಾಕ್ಟರು ವಿವರಿಸಿದಾಗ ಆಚಾರ್ರು, "ಅಂದ್ರೆ ಪೈಲ್ವಾನ್ ಕಾರು ಅನ್ನಿ," ಎಂದರು. ಅವತ್ತಿನಿಂದ ಅದಕ್ಕೆ ಪೈಲ್ವಾನ್ ಎಂದೇ ಹೆಸರಾಯಿತು. ಕಾಲೇಜಿನ ದಿನಗಳಲ್ಲಿ ಅದರ ಚಿತ್ರವನ್ನು ಪುಸ್ತಕದ ನಡುವೆ ಇಟ್ಟುಕೊಂಡಿದ್ದರಂತೆ ಡಾಕ್ಟರು. ಈಗ ಅದು ದೂರದ ಊರೊಂದರಲ್ಲಿ ಮಾರಾಟಕ್ಕಿದೆ ಎಂದು ಆನ್‌ಲೈನಿನಲ್ಲಿ ಕಂಡಿದ್ದರು.

ಫೋನು ಹಿಡಿದುಕೊಂಡು ಶೆಡ್ಡಿಗೆ ಓಡಿಬಂದರು. ಸಂಜೆಯ ಹೊಂಬಿಸಿಲಲ್ಲಿ ಕಡುಕೆಂಪು ಕಾರು ಮದುಮಗನ ಹಾಗೆ ನಿಂತಿತ್ತು.

"ಹೇಗಿದೆ ಅಮ್ಮ?" ಎಂದು ನನ್ನನ್ನು ಕೇಳಿದರು.

"ಫೋಟೊ ಚೆನ್ನಾಗಿದೆ ಡಾಕ್ಟ್ರೇ. ಕಾರಿನ ವಿಷ್ಯ ಗೊತ್ತಾಗ್ಲಿಲ್ಲ," ಎಂದೆ. "ನೀರು ಹಾಕಿ ಒದ್ದೆ ಮೈಯಲ್ಲೇ ತೆಗೆದವ್ರೆ, ಅದಕ್ಕೇ ಈ ಹೊಳಪು. ಎಲ್ಲಾ ಫೋಟೊನೂ ಬಲಗಡೆಯಿಂದ್ಲೇ ಐತೆ. ಮಧ್ಯಾಹ್ನದ ಬಿಸಿಲಲ್ಲಿ, ಒಣಗಿದ ಮೈದು, ನಾಕೂ ಕಡೆಯಿಂದ ಕಳ್ಸೋಕ್ ಹೇಳಿ. ಪಕ್ಕದಲ್ಲಿ ಕರೆಂಟ್ ಕಂಬ ಇರ್ಬೇಕು. ಹೊಳೆಯೋ ಬಾಗಿಲಲ್ಲಿ ಕಂಬದ ತಂತಿಯ ಬಿಂಬ ನೆಟ್ಟಗೆ ಕಂಡ್ರೆ ಸರಿ, ಹಾವಿನ ಥರ ಹರಿದ್ರೆ ಒಳಗೆ ಏನೋ ಐತೆ ಅಂತ."

ಹೊಸ ಫೋಟೊಗಳು ಬಂದವು, ತಂತಿ ನೆಟ್ಟಗೇ ಇತ್ತು. ಡಾಕ್ಟರು ಎಂಜಿನ್ನಿನ ನಂಬರು, ಚಾಸಿಸ್ಸಿನ ನಂಬರು ತರಿಸಿಕೊಂಡು ಪುಸ್ತಕಗಳ ಜೊತೆ ತಾಳೆ ನೋಡಿದರು. ಕಾರಿನ ಜೊತೆಗೆ ಹುಟ್ಟಿದ ಎಂಜಿನ್ನೇ ಅದರೊಳಗಿತ್ತು. ಉಳಿದದ್ದು ಮೈ. ತಗಡು ಕಂಪನಿಯದ್ದೇ ಆಗಿದ್ದರೆ ಒಂದು ಬೆಲೆ, ಎಲ್ಲಾದರೂ ದೊಡ್ಡ ಪೆಟ್ಟು ತಿಂದು ಕೈಯಿಂದ ತಿದ್ದಿದ್ದರೆ ಬೇರೆ ಬೆಲೆ. ಎರಡರ ನಡುವೆ ಒಂದು ಸಣ್ಣ ಮನೆ ಕಟ್ಟುವಷ್ಟು ಅಂತರ. ಹೆದ್ದಾರಿಯಲ್ಲಿ ಹೊಸದಾಗಿ ತೆರೆದ ದೊಡ್ಡ ಶೆಡ್ಡಿನವರು ಬಣ್ಣದ ದಪ್ಪ ಅಳೆಯುವ ಯಂತ್ರ ತಂದಿದ್ದರು. ಕಾಳಾಚಾರ್ರ ಕಣ್ಣು ಹೋಯಿತು, ಇನ್ನು ಕಿವಿಯ ಕತೆ ಮುಗಿದಂತೆಯೇ ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ಆದರೂ ಡಾಕ್ಟರು ನಮ್ಮ ಶೆಡ್ಡಿಗೇ ಬಂದರು. ಆ ಒಂದು ನಂಬಿಕೆ ಆಚಾರ್ರನ್ನು ಹತ್ತು ವರ್ಷ ಚಿಕ್ಕವರನ್ನಾಗಿ ಮಾಡಿತು.

"ಕಾರು ಅಲ್ಲಿ, ನಾವು ಇಲ್ಲಿ. ಕೇಳೋದು ಹೇಗೆ ಆಚಾರ್ರೇ?" ಎಂದರು ಡಾಕ್ಟರು.

"ಫೋನಲ್ಲಿ ಸದ್ದು ಬರುತ್ತಲ್ವ? ಅವ್ನು ಬಡೀಲಿ, ನಾನ್ ಕೇಳ್ತೀನಿ. ಆದ್ರೆ ಕಂಡ ಕಂಡ ಕೀಲಿಕೈಲಿ ಬಡುದ್ರೆ ಆಗಕ್ಕಿಲ್ಲ. ನನ್ನ ಕಾಸೇ ಆಗ್ಬೇಕು."

ಹಾಗೆಂದವರು ಬೆರಳಿನ ದಾರ ಬಿಚ್ಚಿ, ಕಾಸನ್ನು ಹತ್ತಿಯಲ್ಲಿ ಸುತ್ತಿ, ಆ ಊರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳುಹಿಸಿಬಿಟ್ಟರು! ಲಕ್ಷಗಟ್ಟಲೆ ಬೆಲೆಯ ಕಾರನ್ನು ಒರೆಗೆ ಹಚ್ಚಲು ಚಲಾವಣೆಯಲ್ಲಿಲ್ಲದ ಒಂದು ಕಾಸು ಅಂಚೆ ಚೀಲದಲ್ಲಿ ಪಯಣ ಹೊರಟಿತು. ಪೋಸ್ಟ್ ಮಾಸ್ತರು ಮೂರು ಸಲ ಕೇಳಿದರಂತೆ, ಒಳಗೆ ನಿಜವಾಗಿಯೂ ಇಷ್ಟೇನಾ ಎಂದು. ಕಾಸು ಹೋದ ಆ ವಾರ ಆಚಾರ್ರು ಬರೀ ತೋರುಬೆರಳನ್ನು ಉಜ್ಜಿಕೊಳ್ಳುತ್ತಾ ಕೂತಿದ್ದರು.

ಭಾನುವಾರ ಬೆಳಗ್ಗೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಸೇರಿದೆವು. ರೋಗಿಗಳ ಕುರ್ಚಿಯಲ್ಲಿ ಆಚಾರ್ರನ್ನು ಕೂರಿಸಿ, ಹಲ್ಲು ನೋಡುವ ದೀಪದ ಕಂಬಕ್ಕೆ ಫೋನು ಸಿಕ್ಕಿಸಿದರು ಡಾಕ್ಟರು. ಆ ಕಡೆ ಮಾರುವವನು ವಿಡಿಯೊದಲ್ಲಿ ಬಂದ. ಕೈಯಲ್ಲಿ ದೊಡ್ಡ ಗಡಿಯಾರ, ಬೆರಳಲ್ಲಿ ನಮ್ಮ ಕೆಂಪು ದಾರ. ನಗು ತಡೆದುಕೊಂಡಿದ್ದ ಪುಣ್ಯಾತ್ಮ.

"ಬಾನೆಟ್ಟಿಂದ ಶುರು ಮಾಡಪ್ಪ," ಎಂದು ಆಚಾರ್ರು ಕಣ್ಣು ಮುಚ್ಚಿದರು.

ಟಣ್. ಟಣ್. ಕಾಸು ಒಂದೊಂದೇ ಕಡೆ ತಾಗುತ್ತಾ ಹೋಯಿತು. ಬಲಬಾಗಿಲ ಕೆಳತುದಿಗೆ ಬಂದಾಗ ಆಚಾರ್ರು ಕೈ ಎತ್ತಿದರು. "ನಿಲ್ಸು. ಇಲ್ಲಿ ಪುಟ್ಟಿ ಐತೆ. ಒಂದು ಅಂಗೈ ಅಗಲ."

ಆ ಕಡೆಯವನ ನಗು ಇಳಿದುಹೋಯಿತು. "ಹೌದು ಸಾರ್, ಗೇಟಿಗೆ ತಾಗಿತ್ತು. ಮರೆತಿದ್ದೆ," ಎಂದ. ಡಾಕ್ಟರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನನಗೆ ಎದೆ ತುಂಬಿಬಂತು. ಕಿವಿ ಹೋಯಿತು ಅಂದವರನ್ನೆಲ್ಲ ಆ ಕ್ಲಿನಿಕ್ಕಿಗೆ ಕರೆಸಬೇಕು ಅನ್ನಿಸಿತು.

ಆಮೇಲೆ ಅವನು ಎಡಗಡೆ ಬಂದ. ಹಿಂದಿನ ಚಕ್ರದ ಮೇಲಿನ ಮಡ್‌ಗಾರ್ಡಿನ ಹತ್ತಿರ ಫೋನು ಹಿಡಿದ. ಅದರ ಮೇಲಂಚಿನಲ್ಲಿ ಓಡುವ ಬೆಳ್ಳಿ ಬಣ್ಣದ ಪಟ್ಟಿಯಲ್ಲಿ ಒಂದು ಭತ್ತದ ಕಾಳಿನಷ್ಟು ಸೊಟ್ಟ ಕಂಡಿತು. ಬೇರೆ ಯಾರಿಗೂ ಕಾಣುವಂಥದ್ದಲ್ಲ. ನಾನು ಫೋನಿನ ಹತ್ತಿರಕ್ಕೆ ಬಾಗಿದೆ. ಆ ಸೊಟ್ಟ ನನಗೆ ಗೊತ್ತಿತ್ತು. ಎರಡು ದಿನ ಒದ್ದಾಡಿದರೂ ನನ್ನಿಂದ ನೇರ ಮಾಡಲಾಗದೆ ಬಿಟ್ಟ ಸೊಟ್ಟ ಅದು.

ನಾನು ಶೆಡ್ಡಿಗೆ ಸೇರಿ ನಾಲ್ಕನೆಯ ವರ್ಷ ಆಚಾರ್ರು ಹೆಂಡತಿಯೊಡನೆ ಕಾಶಿಯಾತ್ರೆಗೆ ಹೋಗಿದ್ದರು. ಹೋಗುವಾಗ ಸುತ್ತಿಗೆಗಳ ಪೆಟ್ಟಿಗೆಗೆ ಬೀಗ ಹಾಕಿ, ನಾನು ಬರುವ ತನಕ ತಗಡು ಮುಟ್ಟಬೇಡ ಎಂದಿದ್ದರು. ಅವರು ಹೋದ ವಾರದಲ್ಲೇ, ಮದುವೆಗೆ ಹೊರಟಿದ್ದ ಯಾರೋ ದೊಡ್ಡವರ ಉದ್ದ ಬಾನೆಟ್ಟಿನ ಬಿಳಿ ಕಾರು ಕಲ್ಲುಕಂಬಕ್ಕೆ ಗುದ್ದಿ ನಮ್ಮೂರಲ್ಲಿ ನಿಂತಿತು. ಹಿಂದಿನ ಮಡ್‌ಗಾರ್ಡು ಒಳಗೆ ಕುಸಿದಿತ್ತು. ಒಂಬತ್ತು ದಿನದಲ್ಲಿ ಆಗಬೇಕು ಅಂದರು. ಆಗಲ್ಲ ಅನ್ನಬೇಕಾಗಿತ್ತು, ಆದೀತು ಅಂದೆ. ಒಬ್ಬಳೇ ಕೂತು ತಿದ್ದಿದೆ, ಬಿಳಿ ಬಣ್ಣ ಹೊಡೆದೆ, ಕಳುಹಿಸಿಕೊಟ್ಟೆ. ಆಚಾರ್ರು ಗಂಗಾಜಲ ಹಿಡಿದು ಬಂದಾಗ ಹೇಳಲು ಧೈರ್ಯ ಬರಲಿಲ್ಲ. ಕೂಲಿಯ ದುಡ್ಡು ಅವರ ಕೈಗಿಟ್ಟು, ಬರೀ ಬಣ್ಣದ ಕೆಲಸ ಬಂದಿತ್ತು ಎಂದು ಸುಳ್ಳು ಹೇಳಿದೆ. ಕಾರಿನ ಬಣ್ಣ ಬದಲಾಗಿತ್ತು, ಒಡೆಯರು ಎಷ್ಟು ಸಲ ಬದಲಾದರೋ, ಫೋಟೊದಲ್ಲಿ ನನಗೆ ಗುರುತು ಸಿಕ್ಕಿರಲಿಲ್ಲ. ಅದೇ ಕಾರು ಈಗ ನನ್ನ ಎದುರಿಗೆ ದೀಪದ ಕಂಬದಲ್ಲಿ ನೇತಾಡುತ್ತಿತ್ತು.

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಾಸು ತಾಗಿತು. ಟಣ್.

ಆಚಾರ್ರ ಮುಖ ಅರಳಿತು. "ಇನ್ನೊಂದ್ ಸಲ," ಎಂದರು. ಮತ್ತೆ ತಾಗಿತು. "ಇನ್ನೊಂದ್ ಸಲ."

ಮೂರನೆಯ ಸಲ ಕೇಳಿ, ದೇವರ ಮುಂದೆ ಕೂತವರ ಹಾಗೆ ಕೈ ಮುಗಿದು ಹೇಳಿದರು: "ಡಾಕ್ಟ್ರೇ, ಈ ಮಡ್‌ಗಾರ್ಡು ಅಸಲಿ ಕಂಪನಿ ತಗಡು. ಬರ್ಕೊಡ್ತೀನಿ ಬೇಕಾದ್ರೆ. ಈ ಸೀಮೇಲಿ ಯಾವ ಕೈಯಿಂದ್ಲೂ ಇಂಥ ಸದ್ದು ಬರಾಕಿಲ್ಲ. ನಮ್ಮಪ್ಪನ ಕೈಲೂ ಬರ್ತಿರ್ಲಿಲ್ಲ, ನನ್ ಕೈಲೂ ಬರಾಕಿಲ್ಲ."

ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಹೆದರಿಕೆಯಿಂದ ಸುಮ್ಮನಾದೆ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆ ಮಾತಿನ ಸವಿ ಸುಮ್ಮನಾಗಿಸಿತು. ಇಪ್ಪತ್ತು ವರ್ಷ ಕಾದದ್ದು ಒಮ್ಮೆಲೇ ಬಂದು ಕಿವಿಗೆ ಬಿದ್ದಾಗ, ಇನ್ನೊಂದು ಗಳಿಗೆ ಇರಲಿ ಅನ್ನಿಸಿತು. ಆ ಗಳಿಗೆಯಲ್ಲೇ ಡಾಕ್ಟರು ಬಾಗಿಲ ಪುಟ್ಟಿಗೆ ಒಂದಿಷ್ಟು ಕಳೆದು, ಅಸಲಿ ಮೈಯ ಬೆಲೆಗೇ ಮಾತು ಮುಗಿಸಿ ಮುಂಗಡ ಕಳುಹಿಸಿಬಿಟ್ಟರು.

ಕಾರು ಬರಲು ಹದಿನೈದು ದಿನ ಹಿಡಿಯಿತು. ಆ ದಿನಗಳಲ್ಲಿ ಅನ್ನ ಸೇರುತ್ತಿರಲಿಲ್ಲ ಎಂದರೆ ಉತ್ಪ್ರೇಕ್ಷೆ. ಅನ್ನ ಸೇರುತ್ತಿತ್ತು, ಆಚಾರ್ರ ಮಾತು ನೆನೆದು ಒಬ್ಬಳೇ ನಗುತ್ತಲೂ ಇದ್ದೆ. ಮರುಗಳಿಗೆ ಡಾಕ್ಟರ ಮುಖ ನೆನಪಾಗುತ್ತಿತ್ತು. ಹೇಳಿದರೆ ಆಚಾರ್ರ ಜೀವಮಾನದ ತೀರ್ಪು ಸುಳ್ಳಾಗುತ್ತದೆ, ಹೆದ್ದಾರಿಯವರು ಕುಣಿಯುತ್ತಾರೆ. ಹೇಳದಿದ್ದರೆ ನಂಬಿ ಬಂದ ಡಾಕ್ಟರು ನನ್ನ ಕಣ್ಣೆದುರೇ ಮೋಸಹೋಗುತ್ತಾರೆ. ಒಳಗೆ ಇನ್ನೊಂದು ಆಸೆಯೂ ಇತ್ತು, ಬೇರೆ ಕಾರಾಗಿದ್ದರೆ ಎಂದು. ಹಾಗಾಗಿದ್ದರೆ ನನ್ನ ಪಾಲಿನ ಹೊಗಳಿಕೆಯೂ ಹೋಗುತ್ತಿತ್ತಲ್ಲ, ಅದನ್ನೂ ತಡೆಯಲಾರೆ ಅನ್ನಿಸುತ್ತಿತ್ತು.

ಪೈಲ್ವಾನ್ ಲಾರಿಯಿಂದ ಇಳಿದದ್ದು ಬುಧವಾರ ಬೆಳಗ್ಗೆ. ಅರ್ಧ ಊರು ಸಂತೆ ಮೈದಾನದಲ್ಲಿ ನೆರೆದಿತ್ತು. ಕಾರಿನ ಕನ್ನಡಿಗೆ ಕಟ್ಟಿ ಕಳುಹಿಸಿದ್ದ ಕಾಸನ್ನು ಬಿಚ್ಚಿ ಆಚಾರ್ರು ಬೆರಳಿಗೆ ಸುತ್ತಿಕೊಂಡರು, ಊರಿಗೆ ಬಂದ ಮಗಳ ಕೈ ಹಿಡಿದಷ್ಟು ಜೋಪಾನವಾಗಿ. ಡಾಕ್ಟರು ಎಂಜಿನ್ನು ಚಾಲು ಮಾಡಿದಾಗ ಮೈದಾನದ ಕಾಗೆಗಳೆಲ್ಲ ಎದ್ದು ಹಾರಿದವು. ಕಾರನ್ನು ಶೆಡ್ಡಿನಲ್ಲಿ ಬಿಟ್ಟು, ಸಂಜೆ ಬಂದು ಬಾಕಿ ಹಣ ಕಳುಹಿಸುತ್ತೇನೆ ಎಂದು ಹೇಳಿ ಡಾಕ್ಟರು ರೋಗಿಗಳ ಕಡೆ ಓಡಿದರು.

ಜನ ಕರಗಿದ ಮೇಲೆ ನಾನು ಡಿಕ್ಕಿ ತೆರೆದು, ಒಳಗಿನ ಹಾಸು ಸರಿಸಿ, ಎಡಗಡೆಯ ಸಂದಿನಲ್ಲಿ ಭುಜದ ತನಕ ಕೈ ಹಾಕಿದೆ. ಬೆರಳಿಗೆ ಸಿಕ್ಕವು. ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೋ ದುಃಖಕ್ಕೋ ಆಗ ಗೊತ್ತಾಗಲಿಲ್ಲ, ಈಗ ಕೇಳಿದರೆ ಸಂತೋಷಕ್ಕೇ ಅನ್ನುತ್ತೇನೆ.

ಆಚಾರ್ರು ಬುತ್ತಿ ಬಿಚ್ಚುತ್ತಿದ್ದರು. "ಆಚಾರ್ರೇ, ಊಟಕ್ಕೆ ಮುಂಚೆ ಒಂದ್ಸಲ ಇಲ್ಲಿ ಕೈ ಹಾಕಿ ನೋಡಿ," ಎಂದೆ.

"ಏನೈತೆ ಅಲ್ಲಿ, ಚೇಳಾ?" ಎನ್ನುತ್ತಾ ಬಂದು ಕೈ ಹಾಕಿದರು. ಅವರ ಬೆರಳು ತಗಡಿನ ಒಳಮೈಯನ್ನು ತಡಕುತ್ತಾ ಮೇಲೆ ಹೋಯಿತು. ನಿಂತಿತು. ಹಿಂದೆ ಬಂದು ಮತ್ತೆ ಎಣಿಸಿತು.

"ಮೂರು ಚುಕ್ಕಿ," ಎಂದರು. ದನಿ ಬದಲಾಗಿತ್ತು. "ಯಾರ್ದಿದು?"

"ನಂದು."

"ಯಾವಾಗ?"

"ನೀವು ಕಾಶಿಗೆ ಹೋದಾಗ. ಆಗ ಬಿಳಿ ಕಾರು."

"ಮೂರು ಯಾರು ಕೊಟ್ರು ನಿಂಗೆ?"

"ಯಾರೂ ಕೊಡ್ಲಿಲ್ಲ. ಒಂದು ನಿಮ್ಮಪ್ಪಾರ್ದು, ಎರಡು ನಿಮ್ದು. ಮೂರು ಖಾಲಿ ಇತ್ತು."

ಕೈಯನ್ನು ಒಳಗೇ ಇಟ್ಟುಕೊಂಡು ಅವರು ಚುಕ್ಕಿಗಳ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು. ನಾನು ಬೈಗುಳಕ್ಕೆ ಸಿದ್ಧವಾದೆ. ಬೈದರು ಕೂಡ. "ಫೋನಲ್ಲಿ ನೋಡ್ದಾಗ್ಲೇ ಗೊತ್ತಾಯ್ತಾ ನಿಂಗೆ?" ಎಂದು ಕೇಳಿದರು. ಹೌದು ಎಂದೆ. "ಆವಾಗ್ಲೇ ಬಾಯಿ ಬಿಡೋಕೆ ಏನಾಗಿತ್ತು? ಆ ಮನುಷ್ಯ ದುಡ್ಡು ಕಳಿಸೋದು ನೋಡ್ತಾ ಕೂತಿದ್ದೆಯಲ್ಲ!"

"ತಪ್ಪಾಯ್ತು ಆಚಾರ್ರೇ. ನೀವು ಆಡಿದ ಮಾತು ಕೇಳ್ಬೇಕು ಅನ್ನಿಸ್ತು. ಇನ್ನೊಂದ್ಸಲ ನಿಮ್ ಬಾಯಲ್ಲಿ ಅದು ಬರ್ತಿರ್ಲಿಲ್ಲ."

ಅವರು ಕೈ ಹೊರಗೆ ತೆಗೆದು ಬೆರಳು ಒರೆಸಿಕೊಂಡರು. ಆಮೇಲೆ ಹುಬ್ಬು ಗಂಟಿಕ್ಕಿ, "ಪೆಟ್ಟಿಗೆಗೆ ಬೀಗ ಹಾಕ್ಕೊಂಡ್ ಹೋಗಿದ್ನಲ್ಲ. ಯಾತರಲ್ಲಿ ಬಡಿದೆ?" ಎಂದರು.

"ಪಾತ್ರೆ ಅಂಗಡಿ ಕೊಡತೀಲಿ. ತಗಡಿನ ಒಳಗಡೆ ಒತ್ತು ಕೊಡೋಕೆ ನಮ್ಮನೆ ಒರಳಿನ ಗುಂಡುಕಲ್ಲು."

ಆಗ ಕಾಳಾಚಾರ್ರು ನಕ್ಕರು. ನಾನು ಆ ಶೆಡ್ಡಿನಲ್ಲಿ ಅಂಥ ನಗು ಕೇಳಿದ್ದು ಅದೇ ಮೊದಲು. ಡಿಕ್ಕಿಯ ಅಂಚು ಹಿಡಿದುಕೊಂಡು, ಕೆಮ್ಮು ಬರುವ ತನಕ ನಕ್ಕರು. "ಮರದ ಕೊಡತಿ! ಅದಕ್ಕೇ ಕಣ್ ತಾಯಿ! ಕಬ್ಬಿಣದ ಸುತ್ತಿಗೇಲಿ ಬಡುದ್ರೆ ತಗಡು ಹಿಗ್ತದೆ, ಎಷ್ಟೇ ತಿದ್ದಿದ್ರೂ ಸದ್ದು ಒಂಚೂರು ಸಡಿಲ. ಮರ ಹಿಗ್ಸಾಕಿಲ್ಲ. ನಮ್ ತಾತ ಹಂಡೆ ತಿದ್ತಿದ್ದದ್ದೂ ಮರದಲ್ಲೇ. ನಾವು ಕಾರಿಗೆ ಬಂದ್ಮೇಲೆ ಅದನ್ನ ಬಿಟ್ವಿ. ಬೀಗ ಹಾಕಿದ್ದೇ ಒಳ್ಳೇದಾಯ್ತು ನೋಡು!"

ಊಟ ಅಲ್ಲೇ ಬಿಟ್ಟು ಅಂಗಿ ತೊಟ್ಟರು. "ನಾನೇ ಹೇಳ್ತೀನಿ ಬಿಡಿ, ತಪ್ಪು ನಂದು," ಎಂದೆ. "ಸುಮ್ನಿದ್ದ ತಪ್ಪು ನಿಂದು. ಅಸಲಿ ಅಂತ ಹೇಳಿದ ಬಾಯಿ ನಂದಲ್ವಾ? ನಡಿ," ಎಂದರು.

ಕ್ಲಿನಿಕ್ಕಿನಲ್ಲಿ ನಾಲ್ಕು ಜನ ರೋಗಿಗಳು ಕೂತಿದ್ದರು. ಅವರ ಎದುರಿಗೇ ಆಚಾರ್ರು ಜೋರಾಗಿ ಹೇಳಿದರು: "ಡಾಕ್ಟ್ರೇ, ನನ್ನ ಕಿವಿ ಸೋತೋಯ್ತು. ಅದು ಕಂಪನಿ ತಗಡಲ್ಲ. ಇವಳ ಕೈ. ಕಂಪನಿಗೂ ಇವಳಿಗೂ ನನಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ." ತಪ್ಪೊಪ್ಪಿಕೊಳ್ಳುವವರ ದನಿ ಅದಾಗಿರಲಿಲ್ಲ. ಮಗಳು ಪರೀಕ್ಷೆಯಲ್ಲಿ ಮೊದಲು ಬಂದದ್ದನ್ನು ಹೇಳುವವರ ದನಿ ಹಾಗಿರುತ್ತದೆ.

ನಾನು ನನ್ನ ಪಾಲಿನದನ್ನು ಹೇಳಿದೆ, ಸುಮ್ಮನಿದ್ದದ್ದನ್ನೂ ಸೇರಿಸಿ. ಡಾಕ್ಟರ ಮುಖ ಒಂದು ಗಳಿಗೆ ಬಿಗಿಯಾಯಿತು. ಅದು ನನಗೆ ಬರಬೇಕಾದದ್ದೇ. ಆಮೇಲೆ ಅವರು ಮಾರುವವನಿಗೆ ಫೋನು ಮಾಡಿ, ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ನಿಮ್ಮ ಆಚಾರ್ರೇ ಅಸಲಿ ಅಂದರಲ್ಲ ಎಂದು ಅವನು ಮೊದಲು ಹಾರಾಡಿದ. ಅದೇ ಆಚಾರ್ರು ಈಗ ಅಸಲಿ ಅಲ್ಲ ಅನ್ನುತ್ತಿದ್ದಾರೆ, ಬೇಡವಾದರೆ ಕಾರು ವಾಪಸ್ಸು ಕಳುಹಿಸುತ್ತೇನೆ ಎಂದು ಡಾಕ್ಟರು ಅಂದರು. ಅರ್ಧ ಗಂಟೆಯ ಎಳೆದಾಟದ ಮೇಲೆ ನ್ಯಾಯವಾದ ಬೆಲೆಗೆ ಇಬ್ಬರೂ ಬಂದು ನಿಂತರು.

ಫೋನಿಟ್ಟ ಡಾಕ್ಟರು ಆಚಾರ್ರ ಕಡೆ ತಿರುಗಿದರು. "ಅಲ್ಲ ಆಚಾರ್ರೇ, ನಾನು ದಿನಾ ಜನರ ಹಲ್ಲಿಗೆ ಫಿಲ್ಲಿಂಗ್ ಮಾಡೋನು. ಒಳ್ಳೇ ಫಿಲ್ಲಿಂಗ್ ಅಂದ್ರೆ ಇನ್ನೊಬ್ಬ ಡಾಕ್ಟರಿಗೂ ಗೊತ್ತಾಗಬಾರದು. ನಾನು ಇವರ ಮೇಲೆ ಎಷ್ಟು ಹೊತ್ತು ಸಿಟ್ಟಾಗಿರೋಕಾಗತ್ತೆ?"

ಅವರೊಂದು ಶರತ್ತು ಹಾಕಿದರು. ಕಾರಿನ ಕಾಗದ ಪತ್ರಗಳ ಕಡತದಲ್ಲಿ ಒಂದು ಹಾಳೆ ಸೇರಬೇಕು. ಎಡ ಹಿಂಬದಿಯ ಮಡ್‌ಗಾರ್ಡು ಪೆಟ್ಟಾಗಿ ಇಂಥ ಊರಲ್ಲಿ ತಿದ್ದಿದ್ದು, ತಿದ್ದಿದವರು ಇಂಥವರು ಎಂದು. ಮುಂದೆ ಯಾರು ಕೊಂಡರೂ ಗೊತ್ತಿದ್ದೇ ಕೊಳ್ಳಲಿ. ಔಷಧಿ ಚೀಟಿಯ ಹಾಳೆಯ ಮೇಲೆಯೇ ಬರೆದರು. ನನ್ನ ಹೆಸರನ್ನು ಪೂರ್ತಿಯಾಗಿ, ನಮ್ಮಪ್ಪನ ಹೆಸರಿನ ಜೊತೆಗೆ ಬರೆದರು. ಕೆಳಗೆ ಆಚಾರ್ರು ತಡವರಿಸುತ್ತಾ ಸಹಿ ಹಾಕಿ, ಸಹಿಯ ಪಕ್ಕದಲ್ಲಿ ಪೆನ್ನಿನಿಂದ ಮೂರು ಚುಕ್ಕಿ ಒತ್ತಿದರು. "ಇದು ನಾನ್ ಕೊಟ್ಟಿದ್ದು," ಎಂದರು ನನ್ನ ಕಡೆ ನೋಡದೆ.

ಶೆಡ್ಡಿಗೆ ಮರಳುವಾಗ ಬಿಸಿಲು ಇಳಿದಿತ್ತು. ಕೆಂಪು ಕಾರು ಬಾಗಿಲ ಕಡೆ ಬೆನ್ನು ಮಾಡಿ ನಿಂತಿತ್ತು. ಆಚಾರ್ರು ಬೆರಳಿನ ದಾರ ಬಿಚ್ಚಿದರು. ನನ್ನ ತೋರುಬೆರಳು ಹಿಡಿದು, ಅದಕ್ಕೆ ಎರಡು ಸುತ್ತು ಸುತ್ತಿದರು.

"ಚೆನ್ನಾಗಿದೆ ಅಂತ ಒಂದು ಸಲನಾದ್ರೂ ಹೇಳ್ರೀ ಆಚಾರ್ರೇ," ಎಂದೆ. ನಗೆಯಾಡುವ ದನಿಯಲ್ಲೇ ಹೇಳಿದೆ.

"ನಾನ್ಯಾಕೆ ಹೇಳ್ಲಿ? ನೀನೇ ಕೇಳು," ಎಂದು ಬುತ್ತಿಯ ಕಡೆ ಹೋದರು.

ಆ ಮಡ್‌ಗಾರ್ಡಿನ ಸದ್ದನ್ನು ನಾನು ಎದುರಿಗೆ ನಿಂತು ಎಂದೂ ಕೇಳಿರಲಿಲ್ಲ. ತಿದ್ದಿದ ದಿನ ನನ್ನ ಹತ್ತಿರ ಕಾಸಿರಲಿಲ್ಲ. ಕೈ ಚಾಚಿ ದಾರವನ್ನು ತೂಗಿಬಿಟ್ಟೆ. ಕಾಸು ಒಂದು ಸಲ ತಾಗಿ ಹಿಂದೆ ಬಂತು. ಸದ್ದು ಎದ್ದು ಶೆಡ್ಡಿನ ತಗಡಿನ ಮಾಡಿನ ತನಕ ಹೋಯಿತು. ಅದು ಪೂರ್ತಿ ನಿಲ್ಲುವ ತನಕ, ತುತ್ತು ಕೈಯಲ್ಲಿ ಹಿಡಿದ ಆಚಾರ್ರು ಬಾಯಿಗೆ ಹಾಕಿಕೊಳ್ಳದೆ ಕಾದರು.